ಬಸಿದ ನೀರಿನ ಸಾರು

ಅವರ ಕನ್ನಡಕಕ್ಕೆ ದಿನಕ್ಕೆ ನೂರು ಸಲ ಮಂಜು ಹಿಡಿಯುತ್ತಿತ್ತು. ಆಸ್ಪತ್ರೆಯ ಅಡುಗೆಮನೆಯಿಂದ ತಳ್ಳುಗಾಡಿ ಹೊರಡುವ ಮೊದಲು ಒಂದೊಂದೇ ತಟ್ಟೆಯ ಮುಚ್ಚಳ ಎತ್ತಿ ಅವರು ಮುಖ ಬಗ್ಗಿಸುತ್ತಿದ್ದರು. ಹಬೆ ಎದ್ದು ದಪ್ಪ ಗಾಜು ಎರಡೂ ಬೆಳ್ಳಗಾಗುತ್ತಿದ್ದವು. ಒರೆಸಿಕೊಳ್ಳುತ್ತಿರಲಿಲ್ಲ. ಕಣ್ಣೇ ಕಾಣದ ಆ ಮುಖವನ್ನು ಎದುರಿಗೆ ನಿಂತ ಹುಡುಗಿಯ ಕಡೆ ತಿರುಗಿಸಿ, "ಇದು ಯಾರಿಗೆ? ಯಾಕೆ?" ಎಂದು ಕೇಳುತ್ತಿದ್ದರು. ಯಾರಿಗೆ ಅನ್ನುವುದಕ್ಕೆ ಎಲ್ಲ ಹುಡುಗಿಯರೂ ಉತ್ತರ ಹೇಳುತ್ತಿದ್ದರು. ಯಾಕೆ ಅನ್ನುವಲ್ಲಿಗೆ ಬಾಯಿ ಒಣಗುತ್ತಿತ್ತು.

ಬಾಯಿ ಒಣಗಿದವರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಯಾವ ಕಾಯಿಲೆಯವರು ಏನು ಉಣ್ಣಬೇಕು ಎಂದು ಹೇಳುವುದಕ್ಕೂ ಒಂದು ದೊಡ್ಡ ಓದು ಇದೆ ಎಂದು ನನಗೆ ತಿಳಿದದ್ದೇ ಅವಳಿಂದ. ಡಯಟಿಷಿಯನ್ ಅನ್ನುತ್ತಾರೆ. ಕಾಲೇಜು ಮುಗಿದ ಮೇಲೆ ಆರು ತಿಂಗಳು ಒಂದು ಆಸ್ಪತ್ರೆಯಲ್ಲಿ ಹಿರಿಯರೊಬ್ಬರ ಕೈಕೆಳಗೆ ದುಡಿಯಬೇಕು, ಅದು ಇಂಟರ್ನ್‌ಶಿಪ್ಪು. ಆ ಹಿರಿಯರು "ಇವಳು ಆದೀತು" ಎಂದು ಸಹಿ ಹಾಕಿದರೆ ಮಾತ್ರ ಪರೀಕ್ಷೆಗೆ ಕೂರಬಹುದು. ಪರೀಕ್ಷೆ ದಾಟಿದರೆ ರಿಜಿಸ್ಟರ್ಡ್ ಡಯಟಿಷಿಯನ್. ನಮ್ಮವಳು ಸೇರಿದ್ದು ಇಲ್ಲೇ ಮದ್ರಾಸಿನ ಗಿಂಡಿಯ ಹತ್ತಿರದ ಒಂದು ದೊಡ್ಡ ಆಸ್ಪತ್ರೆಗೆ. ಅಲ್ಲಿಯ ಹಿರಿಯರು ಈ ಮೇಡಮ್.

ಮೇಡಮ್ಮಿನ ಮನೆಯವರು ತಲೆಮಾರುಗಳಿಂದ ತಿರುವಲ್ಲಿಕ್ಕೇಣಿಯವರು. ಮನೆಮಾತು ಕನ್ನಡವೇ, ಆದರೆ ಅದರೊಳಗೆ ಅರ್ಧ ತಮಿಳು ಕುಳಿತಿತ್ತು. ಮದುವೆಯಾಗಿರಲಿಲ್ಲ. ಅಕ್ಕನ ಜೊತೆ ಇದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಅದರ ಮೇಲೆ ಬಿಳಿ ಕೋಟು, ತಲೆಗೆ ಅಡುಗೆಮನೆಯ ಬಟ್ಟೆಟೋಪಿ. ಟೋಪಿ ತೆಗೆದಿಟ್ಟದ್ದನ್ನು ನಾನು ನೋಡಿದ್ದು ಒಂದೇ ಸಲ, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಮೊದಲು ನಾನು ಅವರನ್ನು ಕಂಡಿರಲಿಲ್ಲ. ವೆಸ್ಟ್ ಮಾಂಬಲದ ನಮ್ಮ ಮನೆಯಲ್ಲಿ ಅವರು ಮಾಡುತ್ತಿದ್ದ ಅವಾಂತರ ಮಾತ್ರ ಕಾಣುತ್ತಿತ್ತು. ಹೊಸ ಹುಡುಗಿಯರು ಬಂದ ಕೂಡಲೇ ಅವರಿಗೆ ಒಂದು ವಾರ ಕಿಡ್ನಿ ಕೆಟ್ಟವರ ಊಟ. ಉಪ್ಪಿಲ್ಲ. ನೀರು ಅಳೆದು ಒಂದು ಬಾಟ್ಲಿ, ಇಡೀ ದಿನಕ್ಕೆ ಅಷ್ಟೇ. ಅದೂ ಕತ್ತರಿ ಬಿಸಿಲಿನ ಮೇ ತಿಂಗಳು. ಸಂಜೆ ರೈಲಿನಿಂದ ಇಳಿದು ಬಂದ ಮೊಮ್ಮಗಳು ಖಾಲಿ ಬಾಟ್ಲಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಳು. ತುಟಿ ಒಡೆದಿತ್ತು.

"ಕುಡಿ ಮಾರಾಯ್ತಿ," ಅಂದರು ನಮ್ಮವರು. "ಇಲ್ಲಿ ನೋಡ್ಲಿಕ್ಕೆ ಯಾರು ಬರ್ತಾರೆ?"

"ಅವಂಗಳುಕ್ಕು ತೆರಿಞ್ಚುಡುಂ ಅಜ್ಜ," ಅಂದಳು ಇವಳು. ಅವರಿಗೆ ಗೊತ್ತಾಗಿಬಿಡುತ್ತದಂತೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಉತ್ತರ ಕೊಡುವುದು ತಮಿಳಿನಲ್ಲಿ. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಹಾಗೆ.

"ಅದೆಂತ ಹೆಂಗಸು? ದೆವ್ವವಾ?" ಅಂದೆ ನಾನು.

ಆಮೇಲೆ ಅವಳೇ ಹೇಳಿದಳು, ಮೇಡಮ್ಮೂ ಹುಡುಗಿಯರ ಜೊತೆ ಕೂತು ಅದನ್ನೇ ಉಣ್ಣುತ್ತಾರಂತೆ, ಪ್ರತಿ ಸಲ ಹೊಸಬರು ಬಂದಾಗಲೂ. ಉಪ್ಪಿಲ್ಲದ ಅನ್ನ ತಿನ್ನದವಳು ಇನ್ನೊಬ್ಬರಿಗೆ ಉಪ್ಪು ಬಿಡಿ ಅಂತ ಹೇಳಬಾರದು ಎನ್ನುವುದು ಅವರ ಮಾತು. ನನಗೆ ಸ್ವಲ್ಪ ಸಿಟ್ಟು ಇಳಿಯಿತು. ಪೂರ್ತಿ ಇಳಿಯಲಿಲ್ಲ.

ಅವರದ್ದು ಇನ್ನೊಂದು ಮಾತಿತ್ತು: "ಹೂಂ ಅಂದವರು ಕೇಳಿಸಿಕೊಂಡಿಲ್ಲ ಅಂತ ಲೆಕ್ಕ." ರೋಗಿಗೆ ಪಥ್ಯ ಹೇಳಿ ಮುಗಿಸಿದ ಮೇಲೆ ಹುಡುಗಿಯರು ಎದ್ದು ಬರುವಂತಿರಲಿಲ್ಲ. ನಾಳೆ ಬೆಳಿಗ್ಗೆ ಒಲೆ ಹಚ್ಚುವಲ್ಲಿಂದ ಎಲೆ ಹಾಕುವವರೆಗೆ ಏನೇನು ಮಾಡುತ್ತೀರಿ ಎಂದು ಆ ಮನೆಯವರ ಬಾಯಿಂದಲೇ ಕೇಳಬೇಕು. ಅವರು ಬೇಸರಪಟ್ಟರೂ ಕೇಳಬೇಕು, ಬೈದರೂ ಕೇಳಬೇಕು. ಅವರು ಹೇಳುವಾಗ ಮಧ್ಯೆ ಬಾಯಿ ಹಾಕಬಾರದು. ಇದನ್ನು ತಪ್ಪಿಸಿದವಳನ್ನು ಮೇಡಮ್ ಮಾರನೆಯ ದಿನ ವಾರ್ಡಿನ ಒಳಗೆ ಬಿಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯಲು ಕೂರಿಸುತ್ತಿದ್ದರು.

ಅದೇ ಸಮಯಕ್ಕೆ ನಮ್ಮವರ ಕಿಡ್ನಿ ಕೈಕೊಟ್ಟಿತು. ಬಿ.ಪಿ. ಬಹಳ ವರ್ಷದ್ದು, ಮಾತ್ರೆ ನೆನಪಾದರೆ ನುಂಗಿದರು, ಇಲ್ಲದಿದ್ದರೆ ಇಲ್ಲ. ಕಾಲು ಊದಿತು, ಮುಖ ಊದಿತು, ಕೊನೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಅಂದರು. ಮೊಮ್ಮಗಳು ಇರುವ ಆಸ್ಪತ್ರೆಯೇ ಆಗಲಿ ಎಂದು ಮಗ ಅಲ್ಲಿಗೇ ಸೇರಿಸಿದ. ಅವನೂ ಸೊಸೆಯೂ ಬೆಳಕಾಗುವಾಗ ಅಂಬತ್ತೂರಿಗೆ ಕೆಲಸಕ್ಕೆ ಹೊರಟರೆ ಬರುವುದು ಕತ್ತಲಾದ ಮೇಲೆ. ನಮ್ಮವರನ್ನು ಕರೆದುಕೊಂಡು ಹೋಗಿಬರುವುದು ನನ್ನ ಪಾಲಿಗೆ ಬಂತು.

ನಮ್ಮವರ ವಿಷಯ ಸ್ವಲ್ಪ ಹೇಳಬೇಕು. ಉಡುಪಿ ಕಡೆಯಿಂದ ಮೀಸೆ ಮೂಡುವ ಮೊದಲೇ ಮದ್ರಾಸಿಗೆ ಬಂದವರು. ಹೋಟೆಲಿನಲ್ಲಿ ತಟ್ಟೆ ತೊಳೆಯುವುದರಿಂದ ಹಿಡಿದು ದೊಡ್ಡ ಭಟ್ಟರ ಜಾಗದವರೆಗೆ ಹತ್ತಿದವರು. ಕೆಲಸ ಬಿಟ್ಟ ಮೇಲೆ ಮನೆಯ ಒಲೆಯನ್ನು ವಶ ಮಾಡಿಕೊಂಡರು. ನಾನು ಹೆಚ್ಚಿ ಕೊಡಬೇಕು, ಅವರು ಬೇಯಿಸಬೇಕು. ಸೌಟು ಮುಟ್ಟಿದರೆ ಕಣ್ಣು ಕೆಂಪು ಮಾಡುತ್ತಿದ್ದರು. ಅವರಿಗೆ ಊಟ ಅಂದರೆ ಸಾರು. ಪಲ್ಯ ಇಲ್ಲದಿದ್ದರೆ ನಡೆದೀತು, ಮಜ್ಜಿಗೆ ಇಲ್ಲದಿದ್ದರೂ ನಡೆದೀತು.

ಮನೆಯವರ ಕೇಸನ್ನು ಹುಡುಗಿಯರು ನೋಡಬಾರದು ಎನ್ನುವುದು ಮೇಡಮ್ಮಿನ ಕಟ್ಟಳೆ. ನಮ್ಮವರಿಗೆ ತಾವೇ ಪಥ್ಯ ಹೇಳುತ್ತೇನೆ ಎಂದಿದ್ದರು. ಅಷ್ಟರೊಳಗೆ ಮೊಮ್ಮಗಳು ಮನೆಯಲ್ಲಿ ಶುರು ಮಾಡಿಬಿಟ್ಟಳು. ಕಿಡ್ನಿ ಕೆಟ್ಟವರಿಗೆ ತರಕಾರಿಯೊಳಗಿನ ಪೊಟ್ಯಾಸಿಯಮ್ ವಿಷ. ಅದು ರಕ್ತದಲ್ಲಿ ಏರಿದರೆ ಹೃದಯ ನಿಂತುಹೋಗಬಹುದು. ಹಾಗಾಗಿ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬೇಕಾದಷ್ಟು ನೀರಿನಲ್ಲಿ ಬೇಯಿಸಿ, ಬಸಿದು ತಿನ್ನಬೇಕು.

"ಅಜ್ಜ, ಬಸಿದು ಅಷ್ಟೇ ಸಾಪ್ಪಿಡಣುಂ. ಸರಿಯಾ?"

"ಹೂಂ," ಅಂದರು ಅಜ್ಜ.

ಅವಳು ಸಂಜೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದಳು. ಬಣ್ಣ ಬಿಟ್ಟ ಹರಿವೆ, ಬಿಳಿಚಿದ ಬೀನ್ಸು. ಅವಳಿಗೆ ಹೆಮ್ಮೆಯಾಯಿತು. ಆಸ್ಪತ್ರೆಗೆ ಹೋಗಿ ಮೇಡಮ್ಮಿಗೆ ಹೇಳಿದಳು: ಅಜ್ಜನಿಗೆ ಎಲ್ಲ ಹೇಳಿದ್ದೇನೆ, ಒಲೆಯಿಂದ ಎಲೆಯವರೆಗೆ ಅವರ ಬಾಯಿಂದಲೇ ಕೇಳಿದ್ದೇನೆ, ನೀವು ಬರುವುದೇ ಬೇಡ. ವಾರ್ಡು ತುಂಬಿದ್ದ ದಿನಗಳು. ಮೇಡಮ್ ಅವಳ ಮಾತು ನಂಬಿ ಬೇರೆ ರೋಗಿಯ ಹತ್ತಿರ ಹೋದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ನಾನು ಬೂದುಗುಂಬಳದ ಸಿಪ್ಪೆ ತೆಗೆಯುತ್ತಿದ್ದೆ. ನಮ್ಮವರು ಕುರ್ಚಿಯಿಂದ ಏಳಲು ಹೋದವರು ಹಾಗೇ ಕೂತರು.

"ಕಾಲು ನನ್ನದಲ್ಲ ಅಂತ ಕಾಣ್ತದೆ," ಅಂದರು.

"ನಾಟಕ ಬೇಡ, ಏಳಿ."

"ಏಳ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಎದೆ ಒಂದು ನಮೂನೆ ಹೊಡ್ಕೊಳ್ತಾ ಉಂಟು. ಹೊಡೀತದೆ, ನಿಲ್ತದೆ."

ಐವತ್ತು ವರ್ಷದಲ್ಲಿ ಆ ಮನುಷ್ಯ ಹೆದರಿದ್ದನ್ನು ನಾನು ನೋಡಿರಲಿಲ್ಲ. ಕೆಳಗಿನ ಮನೆಯವರನ್ನು ಕೂಗಿ, ಆಟೋ ತರಿಸಿ, ಇಬ್ಬರು ಎತ್ತಿ ಕೂರಿಸಿದರು. ಗಿಂಡಿಯವರೆಗೆ ಅವರ ತಲೆ ನನ್ನ ಭುಜದ ಮೇಲೆ. ಪ್ರತಿ ಸಿಗ್ನಲಿನಲ್ಲೂ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೆ.

ತುರ್ತು ವಾರ್ಡಿನಲ್ಲಿ ಎದೆಗೆ ತಂತಿ ಅಂಟಿಸಿದರು. ಯಂತ್ರದಲ್ಲಿ ಗೆರೆ ಓಡುವುದನ್ನು ನೋಡಿ ಚಿಕ್ಕ ವಯಸ್ಸಿನ ಡಾಕ್ಟರು ನರ್ಸಿಗೆ ಏನೋ ಕೂಗಿ ಹೇಳಿದ. ಸೂಜಿ ಚುಚ್ಚಿದರು. ಮೊಮ್ಮಗಳು ಮೇಲಿನಿಂದ ಓಡಿ ಬಂದು ಮಂಚದ ಕಾಲಿನ ಕಡೆ ನಿಂತಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಪೊಟ್ಯಾಸಿಯಮ್ ಏರಿದೆ, ಡಯಾಲಿಸಿಸ್ಸಿಗೆ ತಯಾರು ಮಾಡುತ್ತಿದ್ದೇವೆ ಅಂದ ಡಾಕ್ಟರು. "ಏನು ತಿಂದರು?" ಎಂದು ಅವಳನ್ನು ಕೇಳಿದ. "ಎಲ್ಲ ಬಸಿದೇ ತಿಂತಾರೆ ಸರ್, ನಾನೇ ದಿನಾ ನೋಡ್ತೀನಿ," ಅಂದಳು.

ಆಗ ಬಂದರು ಮೇಡಮ್. ಟೋಪಿ ಹಾಕಿಕೊಂಡೇ ಬಂದಿದ್ದರು. ಮೊಮ್ಮಗಳನ್ನು ನೋಡಲೇ ಇಲ್ಲ. ನೆಟ್ಟಗೆ ನನ್ನ ಹತ್ತಿರ ಬಂದು ಒಂದು ಸ್ಟೂಲು ಎಳೆದು ಕೂತರು, ನನ್ನ ಮುಖಕ್ಕೆ ಸಮನಾಗಿ.

"ಅಮ್ಮಾ, ನೀವು ಪದಟ್ಟ ಪಡಬೇಡಿ, ಗಾಬರಿ ಬೇಡ. ನೇತ್ತು, ನಿನ್ನೆ ಬೆಳಿಗ್ಗೆ ಒಲೆ ಹಚ್ಚಿದ್ರಲ್ಲಾ, ಅಲ್ಲಿಂದ ಹೇಳಿ. ಯಾರು ಹಚ್ಚಿದ್ದು?"

"ಇವರೇ."

"ಆಮೇಲೆ?"

ನಾನು ಹೇಳುತ್ತಾ ಹೋದೆ. ಕಾಫಿ, ಅರ್ಧ ಲೋಟ. ಎರಡು ಇಡ್ಲಿ. ನಾನು ನುಗ್ಗೆಕಾಯಿ, ಆಲೂಗಡ್ಡೆ, ಹರಿವೆ ಸೊಪ್ಪು ಹೆಚ್ಚಿದ್ದು. ಇವರು ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಎಲ್ಲ ಬೇಯಿಸಿದ್ದು. ತೂತಿನ ತಟ್ಟೆ ಹಿಡಿದು ಬಸಿದದ್ದು. ಪಲ್ಯಕ್ಕೆ ಒಗ್ಗರಣೆ. ಆಮೇಲೆ ಸಾರು.

"ಸಾರು ಯಾವುದರಲ್ಲಿ?"

"ಯಾವುದರಲ್ಲಿ ಅಂದ್ರೆ? ಬಸಿದ ನೀರಿನಲ್ಲಿ. ಅದಕ್ಕೆ ಟೊಮೆಟೊ ಹಾಕಿ, ಹುಣಸೆಹುಳಿ ಹಾಕಿ..."

ಅಲ್ಲಿಗೆ ನನಗೇ ತಿಳಿಯಿತು. ಮಾತು ಬಾಯಿಂದ ಹೊರಗೆ ಬಿದ್ದಿತ್ತು. ಯಂತ್ರ ಟಿಕ್ ಟಿಕ್ ಅನ್ನುತ್ತಿತ್ತು. ಮೊಮ್ಮಗಳು ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೆಚ್ಚಿದವಳು ನಾನು, ಉಂಡವಳೂ ನಾನು, ಆದರೆ ಆ ನೀರನ್ನು ಚೆಲ್ಲಬೇಕು ಎನ್ನುವ ಯೋಚನೆ ನನಗಾಗಲಿ ಅವರಿಗಾಗಲಿ ಕನಸಿನಲ್ಲೂ ಬಂದಿರಲಿಲ್ಲ. ಹೋಟೆಲಿನಲ್ಲಿ ಬೇಯಿಸಿದ ನೀರು ಚೆಲ್ಲಿದರೆ ಹಿಂದಿನ ಭಟ್ಟರು ಸೌಟಿನ ಹಿಡಿಯಲ್ಲಿ ಕುಟ್ಟುತ್ತಿದ್ದರಂತೆ. ಬಸಿ ಅಂದರೆ ಬಸಿದಿದ್ದಾರೆ. ಚೆಲ್ಲು ಎಂದು ಯಾರೂ ಹೇಳಲಿಲ್ಲ.

ಮಲಗಿದಲ್ಲಿಂದ ನಮ್ಮವರು ಗೊಣಗಿದರು: "ತರಕಾರಿಯ ಸತ್ವ ಎಲ್ಲ ನೀರಿನಲ್ಲುಂಟು. ಅದನ್ನು ಮೋರಿಗೆ ಹೊಯ್ಯುದಾ?"

ಡಾಕ್ಟರು ತಿರುಗಿ ಕೇಳಿದ, ಇವರಿಗೆ ಪಥ್ಯ ಹೇಳಿದವರು ಯಾರು ಎಂದು. ಮೊಮ್ಮಗಳು ಬಾಯಿ ತೆರೆದಳು. ಅವಳಿಗಿಂತ ಮೊದಲು ಮೇಡಮ್ ಅಂದರು: "ನಾನು ನೋಡಬೇಕಿತ್ತು. ನೋಡಲಿಲ್ಲ. ತಪ್ಪು ನನ್ನದು."

ನನಗೆ ಉಸಿರು ಬಂತು. ಹುಡುಗಿ ಬಚಾವಾದಳು ಅಂದುಕೊಂಡೆ.

ನಮ್ಮವರನ್ನು ಡಯಾಲಿಸಿಸ್ಸಿಗೆ ಒಯ್ದರು. ಮಧ್ಯಾಹ್ನ ಕಳೆಯುವಾಗ ಅಪಾಯ ದಾಟಿತು ಅಂದರು. ಕಣ್ಣು ಬಿಟ್ಟವರು ಮೊದಲು ಕೇಳಿದ್ದು, "ಊಟಕ್ಕೆ ಎಂತ ಉಂಟು?" ನಾನು ಅಳಲೂ ಇಲ್ಲ, ನಗಲೂ ಇಲ್ಲ. "ಮುಚ್ಚಿ ಮಲಗಿ," ಅಂದೆ.

ಆಮೇಲೆ ಮೊಮ್ಮಗಳು ವರಾಂಡದಲ್ಲಿ ಸಿಕ್ಕಳು. ಗೋಡೆಗೆ ಒರಗಿ ನಿಂತಿದ್ದಳು. ಮೇಡಮ್ ಅವಳನ್ನು ತಡೆದಿದ್ದರು. ಜೊತೆಯ ಹುಡುಗಿಯರೆಲ್ಲ ತಿಂಗಳ ಕೊನೆಗೆ ಮುಗಿಸುತ್ತಾರೆ, ಪರೀಕ್ಷೆಗೆ ಕೂರುತ್ತಾರೆ. ಇವಳಿಗೆ ಸಹಿ ಇಲ್ಲ. ಕಿಡ್ನಿ ವಾರ್ಡಿನ ಕೆಲಸ ಹೊಸ ಹುಡುಗಿಯರ ಜೊತೆ ಮೊದಲಿಂದ ಮಾಡಬೇಕು. ಅಂದರೆ ಈ ಸಲದ ಪರೀಕ್ಷೆ ಹೋಯಿತು. ಯಾವುದೋ ಆಸ್ಪತ್ರೆಯವರು ಪರೀಕ್ಷೆ ಆದ ಕೂಡಲೇ ಕೆಲಸಕ್ಕೆ ಬಾ ಎಂದಿದ್ದರು, ಅದೂ ಹೋಯಿತು.

"ಎಲ್ಲಾಂ ಮುಡಿಞ್ಚುಪೋಚ್ಚು ಅಜ್ಜಿ," ಅಂದಳು. ಎಲ್ಲ ಮುಗಿಯಿತು ಅಂತ.

ನಾನು ಮೇಡಮ್ಮನ್ನು ಹುಡುಕಿಕೊಂಡು ಹೋದೆ. ಅವರ ಕೋಣೆ ಅಂದರೆ ಅಡುಗೆಮನೆಯ ಹಿಂದೆ ಒಂದು ಮೂಲೆ. ಮೇಜಿನ ಮೇಲೆ ತೂಕದ ಯಂತ್ರ, ಪಕ್ಕದಲ್ಲಿ ಮುಚ್ಚಿಟ್ಟ ಊಟದ ತಟ್ಟೆ.

"ನೀವೇ ಡಾಕ್ಟರ ಹತ್ತಿರ ನನ್ನ ತಪ್ಪು ಅಂದ್ರಿ. ಮತ್ತೆ ಅವಳಿಗೆ ಯಾಕೆ ಶಿಕ್ಷೆ?"

"ನನ್ನ ತಪ್ಪು ನನಗೆ. ಅದಕ್ಕೆ ನನಗೆ ಮೇಲಿನವರು ಕೇಳ್ತಾರೆ. ಅವಳದ್ದು ಅವಳಿಗೆ."

"ಆ ನೀರಿನಲ್ಲಿ ಸಾರು ಮಾಡ್ತಾರೆ ಅಂತ ಆ ಮಗುವಿಗೆ ಹೇಗೆ ಗೊತ್ತಾಗ್ಬೇಕು? ಅವಳು ಒಲೆಯ ಹತ್ತಿರ ಬಂದವಳೇ ಅಲ್ಲ."

"ಗೊತ್ತಾಗಬೇಕಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಯಾರನ್ನೂ ನಿಲ್ಲಿಸಿಲ್ಲ ಅಮ್ಮಾ. ಅವಳು ಕೇಳಲೇ ಇಲ್ಲ. ಕೇಳ್ದೆ ಅಂತ ಬಂದು ಹೇಳಿದಳು."

"ಮನೆಯಲ್ಲಿ ಅಜ್ಜನಿಗೆ ಯಾರು ಪಾಠ ಒಪ್ಪಿಸ್ಲಿಕ್ಕೆ ಹೇಳ್ತಾರೆ?"

"ಯಾರೂ ಹೇಳಲ್ಲ. ಅದಕ್ಕೇ ಮನೆಯವರ ಕೇಸು ವೇಣಾಂ, ಬೇಡ ಅಂದಿದ್ದು."

ನನಗೆ ತಲೆ ಕೆಟ್ಟಿತು. "ನೋಡಿ, ನಾವು ದೂರು ಕೊಡುದಿಲ್ಲ. ಅವರೂ ಕೊಡುದಿಲ್ಲ. ನಮ್ಮ ಮನೆಯ ಮನುಷ್ಯ, ನಮ್ಮ ಮನೆಯ ಹುಡುಗಿ. ಮಧ್ಯದಲ್ಲಿ ನಿಮಗೆಂತ?"

ಅವರು ದನಿ ಏರಿಸಲಿಲ್ಲ.

"ಇವತ್ತು ಅವಳ ಅಜ್ಜ, ಅದಕ್ಕೆ ನೀವು ಬಂದು ಕೇಳ್ತಾ ಇದ್ದೀರಿ. ನಾಳೆ ಬೇರೆ ಯಾರದೋ ಅಜ್ಜ. ಆ ಅಜ್ಜಿ ಇಲ್ಲಿಗೆ ಬರಲ್ಲ. ಯಾರ ಹತ್ತಿರ ಹೋಗಿ ಕೇಳಬೇಕೂಂತಲೇ ಅವಳಿಗೆ ತಿಳಿಯಲ್ಲ. ಏನೋ ಆಯುಸ್ಸು ಮುಗೀತು ಅಂತ ಮನೆಗೆ ಹೋಗ್ತಾಳೆ."

ಸಿಟ್ಟಿನಲ್ಲಿ ನಾನು ನಮಸ್ಕಾರವನ್ನೂ ಹೇಳದೆ ಎದ್ದು ಬಂದೆ.

ಮನೆಯಲ್ಲಿ ರಾಮಾಯಣ. ಮಗ ಆಸ್ಪತ್ರೆಯ ದೊಡ್ಡವರನ್ನು ಯಾರ ಮೂಲಕವಾದರೂ ಹಿಡಿಯಬೇಕು ಎಂದ. ಸೊಸೆ ಬೇರೆ ಆಸ್ಪತ್ರೆ ನೋಡೋಣ ಅಂದಳು. ಮೊಮ್ಮಗಳು ಈ ಕೆಲಸವೇ ಬೇಡ, ಯಾವುದಾದರೂ ಆಫೀಸಿಗೆ ಸೇರುತ್ತೇನೆ ಎಂದು ಬಾಗಿಲು ಹಾಕಿಕೊಂಡಳು. ನಮ್ಮವರು ಆಸ್ಪತ್ರೆಯಿಂದ ಬಂದು ಒಲೆಯ ಮುಂದೆ ನಿಂತು, "ಇನ್ನು ನಾನು ಸಾರು ಮಾಡುದಿಲ್ಲ. ಊಟವೂ ಮಾಡುದಿಲ್ಲ. ಹೋಗುದಾದ್ರೆ ಹೋಗ್ಲಿ," ಅಂದರು. ನಿಜವಾಗಿ ತಟ್ಟೆ ದೂಡತೊಡಗಿದರು. ಎರಡು ತುತ್ತು, ಮೂರು ತುತ್ತು, ಸಾಕು. ಮೈ ಇಳಿಯಿತು. ಡಯಾಲಿಸಿಸ್ಸಿಗೆ ಹೋದಾಗ ಅಲ್ಲಿಯ ನರ್ಸು ಅದನ್ನು ಮೇಡಮ್ಮಿಗೆ ಹೇಳಿರಬೇಕು.

ಭಾನುವಾರ ಬಾಗಿಲು ತಟ್ಟಿದ ಸದ್ದು. ತೆಗೆದರೆ ಅವರು. ಆಸ್ಪತ್ರೆಯಿಂದ ನೇರ ಹೊರಟು ಮಾಂಬಲಂ ಸ್ಟೇಷನ್ನಿನಿಂದ ನಡೆದೇ ಬಂದಿದ್ದರು, ತಲೆಯ ಮೇಲೆ ಟೋಪಿ ಹಾಗೇ ಇತ್ತು. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. "ಬನ್ನಿ" ಅನ್ನಲಿಲ್ಲ ನಾನು. ಬಾಗಿಲು ಬಿಟ್ಟು ನಿಂತೆ ಅಷ್ಟೆ. ಅವರೇ ಒಳಗೆ ಬಂದರು, ಚಪ್ಪಲಿ ಬಿಟ್ಟು ಕಾಲು ತೊಳೆದು ನೆಟ್ಟಗೆ ಅಡುಗೆಮನೆಗೆ.

ನಮ್ಮವರು ಅಲ್ಲೇ ಮಣೆಯ ಮೇಲೆ ಕೂತಿದ್ದರು. "ನಾನು ಸಾರಿಲ್ಲದೆ ಊಟ ಮಾಡುವವನಲ್ಲ," ಅಂದರು, ಕೇಳುವ ಮೊದಲೇ. "ಸಾಯ್ಲಿಕ್ಕೆ ನನಗೆ ಹೆದರಿಕೆ ಇಲ್ಲ."

"ಸಾಯಿರಿ," ಅಂದರು ಮೇಡಮ್. "ನಾನು ಬೇಡ ಅನ್ನಲ್ಲ. ಈ ಹುಡುಗಿ ಕೈಯಿಂದ ಸಾಯಬೇಡಿ. ಅವಳು ಇನ್ನೂ ಬಹಳ ವರ್ಷ ಬದುಕಬೇಕು."

ನನಗೆ ಅವರ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ನಮ್ಮವರು ತಲೆ ಎತ್ತಿ ನೋಡಿದರು. ಕೋಣೆಯ ಬಾಗಿಲು ತೆರೆದು ಮೊಮ್ಮಗಳು ಹೊರಗೆ ಬಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಬಾ," ಅಂದರು ಮೇಡಮ್ ಅವಳಿಗೆ. "ನಿಮ್ಮ ಅಜ್ಜನಿಗೆ ಸಾರು ಬೇಕು. ನೀರು ಚೆಲ್ಲಲು ಅವರಿಗೆ ಮನಸ್ಸು ಬರಲ್ಲ. ಈಗ ಕೇಳು. ನನ್ನನ್ನಲ್ಲ, ಅವರನ್ನು."

ಅವಳು ನೆಲದ ಮೇಲೆ ಅಜ್ಜನ ಎದುರು ಕೂತಳು. ನನಗೆ ಆಶ್ಚರ್ಯವಾಯಿತು, ಅವಳು ಕನ್ನಡದಲ್ಲಿ ಕೇಳಿದಳು. ತಡವರಿಸಿ ತಡವರಿಸಿ.

"ಅಜ್ಜ, ನಿಂಗೆ ಸಾರಲ್ಲಿ ಏನು ಬೇಕು? ಹುಳಿಯಾ? ವಾಸನೆಯಾ? ಬಿಸಿಯಾ?"

ಅವರಿಗೂ ಇಂಥ ಪ್ರಶ್ನೆ ಯಾರೂ ಹಾಕಿರಲಿಲ್ಲ. ಯೋಚನೆ ಮಾಡಿ ಅಂದರು: "ವಾಸನೆ. ಕಾಳುಮೆಣಸು, ಜೀರಿಗೆ ಹುರಿದು ಕುಟ್ಟಿದ ವಾಸನೆ. ಆಮೇಲೆ ಅನ್ನ ಒಣಗಿರ್ಬಾರ್ದು."

ಅವಳು ಲೆಕ್ಕ ಹಾಕಿದಳು: ಬೇರೆ ನೀರು, ಅದೂ ದಿನದ ಲೆಕ್ಕದೊಳಗಿನದು, ಒಂದು ಸಣ್ಣ ಬಟ್ಟಲು. ಕುಟ್ಟಿದ ಮೆಣಸು ಜೀರಿಗೆ, ಚೂರು ಇಂಗು, ಕರಿಬೇವಿನ ಒಗ್ಗರಣೆ, ಕೊನೆಗೆ ನಿಂಬೆಯ ನಾಲ್ಕು ಹನಿ. ಹುಣಸೆ ಇಲ್ಲ, ಟೊಮೆಟೊ ಇಲ್ಲ, ಉಪ್ಪು ಇಲ್ಲವೇ ಇಲ್ಲ. ಬಸಿದ ನೀರು ನಮಗೆ, ನನ್ನ ಮಗ ಸೊಸೆಯ ಸಾರಿಗೆ; ನಮ್ಮವರ ಪಾತ್ರೆ ಬೇರೆ, ಸೌಟು ಬೇರೆ. ಮೊಮ್ಮಗಳು ಮಾಡಿದ ಮೊದಲನೆಯದನ್ನು ನಮ್ಮವರು ಬಾಯಿಗಿಟ್ಟು ಉಗಿದರು. ಎರಡನೆಯದು ಕಹಿಯಾಯಿತು, ಜೀರಿಗೆ ಸೀದುಹೋಗಿತ್ತು. ಮೇಡಮ್ ಸ್ಟೂಲಿನ ಮೇಲೆ ಕೂತು ಒಂದು ಮಾತೂ ಆಡಲಿಲ್ಲ. ಮೂರನೆಯದಕ್ಕೆ ನಮ್ಮವರಿಗೇ ತಡೆಯಲಾಗಲಿಲ್ಲ. ಎದ್ದು ಒಗ್ಗರಣೆ ಸೌಟು ಕಿತ್ತುಕೊಂಡರು.

"ಹೀಗಲ್ಲ. ಎಣ್ಣೆ ಬಿಸಿಯಾದ ಮೇಲೆ ಉರಿ ಸಣ್ಣ ಮಾಡ್ಬೇಕು."

ಅದನ್ನು ಅನ್ನಕ್ಕೆ ಕಲಸಿ ತಿಂದು, ಸ್ವಲ್ಪ ಹೊತ್ತು ಬಾಯಿ ಚಪ್ಪರಿಸಿದರು.

"ಇದು ಸಾರಲ್ಲ. ಸಾರಿನ ದೂರದ ನೆಂಟ."

"ನೆಂಟರನ್ನು ಒಳಗೆ ಬಿಡ್ತೀರಾ?" ಅಂದರು ಮೇಡಮ್.

"ಬಂದದ್ದು ಬಂದಾಯ್ತು. ಓಡಿಸ್ಲಿಕ್ಕೆ ಆಗ್ತದಾ?"

ಆ ದಿನ ಅವರು ತಟ್ಟೆ ಖಾಲಿ ಮಾಡಿದರು. ಹೊರಡುವಾಗ ಮೇಡಮ್ ಮೊಮ್ಮಗಳಿಗೆ ಹೇಳಿದ್ದು ಇಷ್ಟೇ: "ಇದಕ್ಕೆ ಸಹಿ ಸಿಗಲ್ಲ. ಇದು ಮನೆ. ಸೋಮವಾರ ಏಳು ಗಂಟೆಗೆ ವಾರ್ಡಿಗೆ ಬಾ." ಕಾಫಿ ಕೊಡಲೇ ಎಂದು ಕೇಳಬೇಕು ಅನ್ನಿಸಿತು ನನಗೆ. ಬಾಯಿ ಬರಲಿಲ್ಲ. ಅವರು ಮೆಟ್ಟಿಲು ಇಳಿದು ಹೋದರು.

ಮೊಮ್ಮಗಳು ಸೋಮವಾರ ಹೋದಳು. ತನಗಿಂತ ಚಿಕ್ಕ ಹುಡುಗಿಯರ ಜೊತೆ ಮತ್ತೆ ಉಪ್ಪಿಲ್ಲದ ಊಟ, ಮತ್ತೆ ಅಳೆದ ನೀರು. ಜೊತೆಯವರು ಪರೀಕ್ಷೆ ಬರೆದರು. ಒಬ್ಬಳಿಗೆ ಕೆಲಸವೂ ಆಯಿತು, ಪೇಡೆ ಹಂಚಿಕೊಂಡು ಹೋದಳು. ಇವಳು ಆ ಪೇಡೆಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದು ನನಗೆ ಕೊಟ್ಟಳು.

ವಾರ್ಡಿನಲ್ಲಿ ಮೇಡಮ್ ಅವಳ ಬೆನ್ನ ಹಿಂದೆ ನಿಂತಿರುತ್ತಿದ್ದರು. ಸಹಾಯ ಮಾಡುತ್ತಿರಲಿಲ್ಲ. ಇದೊಂದನ್ನು ನಾನೇ ಕಣ್ಣಾರೆ ನೋಡಿದೆ. ನಮ್ಮವರು ಒಳಗೆ ಯಂತ್ರಕ್ಕೆ ಮಲಗಿದ್ದರು, ನಾನು ಹೊರಗೆ ಬೆಂಚಿನ ಮೇಲೆ. ಪಕ್ಕದಲ್ಲಿ ಒಬ್ಬ ಗಂಡಸು, ಹೆಂಡತಿಗೆ ಹೊಸದಾಗಿ ಡಯಾಲಿಸಿಸ್. ಮೊಮ್ಮಗಳು ಅವರಿಗೆ ತಮಿಳಿನಲ್ಲಿ ಎಲ್ಲ ಹೇಳಿ ಮುಗಿಸಿ, ಈಗ ನೀವು ಹೇಳಿ ಅಂದಳು. ಆ ಮನುಷ್ಯನಿಗೆ ರೇಗಿತು. ನಾನೇನು ಶಾಲೆಯ ಮಗುವಾ, ಕೆಲಸ ಬಿಟ್ಟು ಬಂದಿದ್ದೇನೆ, ಬಸ್ಸು ಹೋಗುತ್ತದೆ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಾಡಿದ. ಅವಳ ಕಿವಿ ಕೆಂಪಾಯಿತು. ಒಮ್ಮೆ ಹಿಂದೆ ತಿರುಗಿ ನೋಡಿದಳು. ಮೇಡಮ್ ಗೋಡೆಯ ಗಡಿಯಾರ ನೋಡುತ್ತಿದ್ದರು. ಹೇಳಿಬಿಡು ಮಾರಾಯ್ತಿ, ಆಯ್ತು ಹೋಗಿ ಅಂತ ಹೇಳಿಬಿಡು ಎಂದು ನನ್ನ ಮನಸ್ಸು ಕೂಗುತ್ತಿತ್ತು. ಅವಳು ಹೇಳಲಿಲ್ಲ. ಬೈಗುಳ ಮುಗಿಯುವವರೆಗೆ ಕೂತಿದ್ದಳು. ಮುಗಿದ ಮೇಲೆ, "ಅಣ್ಣಾ, ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ?" ಎಂದು ಮೆಲ್ಲಗೆ ಕೇಳಿದಳು.

ಆ ಮನುಷ್ಯ ತಲೆ ತಗ್ಗಿಸಿದ. ಅಡುಗೆ ಮಾಡುತ್ತಿದ್ದವಳು ಒಳಗೆ ಮಲಗಿದ್ದಳು. ಈಗ ಅವನಿಗೆ ಅನ್ನ ಇಡಲೂ ಬರುವುದಿಲ್ಲ. ಬೀದಿಯ ಮೆಸ್ಸಿನಿಂದ ಸಾಂಬಾರು ತಂದು ಅವಳಿಗೆ ಕೊಡುತ್ತಿದ್ದಾನೆ. ಇವಳು ಹೇಳಿದ ಬೇಯಿಸು, ಬಸಿ ಎಲ್ಲ ಅವನಿಗೆ ಗಾಳಿಯಲ್ಲಿ ಹೋಗಿತ್ತು. ಅವಳು ತನ್ನ ಕುರ್ಚಿ ಹತ್ತಿರ ಎಳೆದುಕೊಂಡು ಅಕ್ಕಿ ತೊಳೆಯುವುದರಿಂದ ಶುರು ಮಾಡಿದಳು. ಅವನ ಬಸ್ಸು ಹೋಯಿತು. ಮತ್ತೊಂದೂ ಹೋಯಿತು. ಅವನು ಕೂತಿದ್ದ.

ಮೇಡಮ್ ಯಾವಾಗ ಅಲ್ಲಿಂದ ಹೋದರೋ ನಾನು ನೋಡಲಿಲ್ಲ. ಆ ವಾರ ಸಹಿ ಹಾಕಿದರು. ಹೊಗಳಲಿಲ್ಲ. "ಪರವಾಯಿಲ್ಲೆ. ಹೋಗಿ ಓದು" ಅಂದರಂತೆ. ಪರೀಕ್ಷೆಯಲ್ಲಿ ಅವಳು ಪಾಸಾದಳು. ನಮ್ಮವರು ಅದನ್ನು ನೋಡಿಯೇ ಹೋದರು. ಎದೆ ನಿಂತು ಹೋದದ್ದು, ತಿಂದದ್ದರಿಂದ ಅಲ್ಲ. ಕೊನೆಯವರೆಗೂ ಆ ದೂರದ ನೆಂಟನನ್ನು ಬೈಯುತ್ತಾ ಉಂಡರು. ಮೊಮ್ಮಗಳು ಈಗ ಬೇರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಕೈಕೆಳಗೂ ಹುಡುಗಿಯರಿದ್ದಾರೆ, ಅವರು ಅವಳನ್ನು ಬೈಯುತ್ತಾರಂತೆ.

ಹೋದ ಮಾರ್ಗಳಿಯಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಅವಳು ಕೆಲಸದಿಂದ ಫೋನು ಮಾಡಿದಳು. ಮೇಡಮ್ ಹೋದರು ಅಂದಳು. ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ರೋಗಿಗಳನ್ನು ಬಿಟ್ಟು ಕೂಡಲೇ ಬರಲು ಆಗುವುದಿಲ್ಲ, ಮಧ್ಯಾಹ್ನ ಬರುತ್ತೇನೆ ಅಂದಳು. ನಾನು ಕಾಯಲಿಲ್ಲ. ಸೀರೆ ಬದಲಾಯಿಸಿ, ದಾರಿ ಕೇಳುತ್ತಾ ಬಸ್ಸು ಹತ್ತಿ ತಿರುವಲ್ಲಿಕ್ಕೇಣಿಗೆ ಹೋದೆ.

ಹಳೆಯ ಮನೆಯ ನಡುಮನೆಯಲ್ಲಿ ಮಲಗಿಸಿದ್ದರು. ಟೋಪಿ ಇರಲಿಲ್ಲ. ಕೂದಲು ತೀರಾ ತೆಳ್ಳಗೆ, ಪೂರ್ತಿ ಬಿಳಿ. ಕನ್ನಡಕವೂ ಇಲ್ಲದ ಮುಖ ಇಷ್ಟೇ ಇಷ್ಟು. ನಾನು ಕಾಲು ಮುಟ್ಟಿದೆ. ವಯಸ್ಸಿನಲ್ಲಿ ಅವರು ನನಗಿಂತ ಚಿಕ್ಕವರು, ಆದರೂ ಮುಟ್ಟಿದೆ.

ಅವರ ಅಕ್ಕ ಮೂಲೆಯಲ್ಲಿ ಕೂತಿದ್ದರು. ಬಂದವರು ಬಹಳ ಜನ, ಹೆಚ್ಚಿನವರು ಮೇಡಮ್ಮಿನ ಕೈಯಲ್ಲಿ ಕಲಿತ ಹೆಣ್ಣುಮಕ್ಕಳು, ಅಳುತ್ತಿದ್ದರು. ಅಳದ ಮುದುಕಿ ನಾನೊಬ್ಬಳೇ ಕಂಡಿರಬೇಕು. ಅಕ್ಕ ಕೇಳಿದರು:

"ನೀವು ಯಾರು ಅಮ್ಮಾ? ಗೊತ್ತಾಗಲಿಲ್ಲ."

"ಇವರು ನನ್ನ ಮೊಮ್ಮಗಳನ್ನು ಫೇಲ್ ಮಾಡಿದ್ದರು," ಅಂದೆ.

ಅವರ ಮುಖ ಗಂಟಾಯಿತು. ಹತ್ತಿರ ಇದ್ದ ಇಬ್ಬರು ಹುಡುಗಿಯರು ತಿರುಗಿ ನೋಡಿದರು.

"ಅದಕ್ಕೇ ಬಂದದ್ದು," ಅಂದೆ.